ಓದಿದ ಕಾದಂಬರಿಯ ಬಗ್ಗೆ ನಾಲ್ಕು ಮಾತು ಬರೆಯುವ ಬಗೆ

ಮುನ್ನುಡಿಯನ್ನು ಕೊನೆಗೆ ಓದಿ. ನಮ್ಮ ಪುಸ್ತಕಗಳಲ್ಲಿ ಮುನ್ನುಡಿ, ಬೆನ್ನುಡಿ ಬರೆದವರು ಕತೆಯ ತಿರುವನ್ನೂ ಅದರ ಅರ್ಥವನ್ನೂ ಮೊದಲೇ ಹೇಳಿಬಿಡುವುದುಂಟು. ಅದನ್ನು ಓದಿಕೊಂಡೇ ಒಳಗೆ ಹೋದರೆ ಅವರಿಗೆ ಕಂಡದ್ದೇ ನಿಮಗೂ ಕಾಣುತ್ತದೆ, ಬರೆಯುವಾಗ ಅವರ ಪದಗಳೇ ನುಸುಳುತ್ತವೆ.

ಓದುವಾಗ ಪೆನ್ಸಿಲ್ ಹತ್ತಿರವಿರಲಿ. ಹಿಡಿಸಿದ ಕಡೆ ಗೆರೆ, ಬೇಸರ ಬಂದ ಕಡೆ ಅಡ್ಡಗುರುತು, ಗೊತ್ತಾಗದ ಕಡೆ ಪ್ರಶ್ನೆಚಿಹ್ನೆ, ಇಷ್ಟು ಸಾಕು. ಲೈಬ್ರರಿ ಪುಸ್ತಕವಾದರೆ ಚೀಟಿಯಲ್ಲಿ ಪುಟಸಂಖ್ಯೆ ಬರೆದುಕೊಳ್ಳಿ. ಇ-ಪುಸ್ತಕದಲ್ಲಿ ಅಕ್ಷರದ ಗಾತ್ರ ಬದಲಾದರೆ ಪುಟವೂ ಬದಲಾಗಬಹುದು, ಹಾಗಾಗಿ ಅಧ್ಯಾಯ ಗುರುತಿಸಿ. ಮುಗಿಸಿದ ಕೂಡಲೇ ಬರೆಯಬೇಡಿ. ಎರಡು ದಿನ ಬಿಟ್ಟು, ಪುಸ್ತಕ ತೆರೆಯದೆ, ನೆನಪಿರುವ ಮೂರು ದೃಶ್ಯ ಬರೆಯಿರಿ. ಗೆರೆ ಎಳೆದ ಜಾಗಕ್ಕೂ ನೆನಪಿಗೂ ತಾಳೆಯಾಗದಿದ್ದರೆ ಬರೆಯಲು ಅಲ್ಲೇ ವಿಷಯವಿದೆ.

ನಾನೂರು ಪದ ಬರೆಯುವುದಾದರೆ ಕಥಾಸಾರಕ್ಕೆ ಎಂಬತ್ತು ಪದ ಮೀರಬಾರದು. ಹೆಚ್ಚಿನ ಬರಹ ಕೆಡುವುದು ಇಲ್ಲೇ: ಮುಕ್ಕಾಲು ಭಾಗ ಕತೆ, ಕೊನೆಯಲ್ಲಿ ‘ಓದಿಸಿಕೊಂಡು ಹೋಗುತ್ತದೆ’ ಎಂಬ ಒಂದು ಸಾಲು. ಈ ಮಾತನ್ನು ಯಾವ ಪುಸ್ತಕಕ್ಕೂ ಅಂಟಿಸಬಹುದು. ‘ಮನಮುಟ್ಟುತ್ತದೆ’, ‘ಕಣ್ಣಿಗೆ ಕಟ್ಟುತ್ತದೆ’ ಕೂಡ ಹಾಗೆಯೇ. ಯಾವ ದೃಶ್ಯ, ಯಾರ ಮಾತು, ಯಾಕೆ ಎಂಬುದು ಜೊತೆಗಿಲ್ಲದಿದ್ದರೆ ಅಳಿಸಿಹಾಕಿ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತೆಗೆದುಕೊಳ್ಳಿ. ಕತೆ ಹೇಳುವವನಿಗೆ ಹೆಸರಿಲ್ಲ. ಮನೆ ನಡೆಯುವುದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ, ಇವನು ಕಾಫಿ ಹೌಸಿನಲ್ಲಿ ಕೂರುವವನು. ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಬಾಗಿಲಿಗೆ ಬಂದಾಗ ಮನೆಯ ಹೆಂಗಸರು ಬೈದು ಅಟ್ಟುತ್ತಾರೆ. ‘ಈ ಕುಟುಂಬ ಕ್ರೂರ’ ಎಂದು ಬರೆದರೆ ಅದು ಯಾರಿಗಾದರೂ ಹೊಳೆಯುವ ಮಾತು. ‘ಬೈದವರಿಗಿಂತ, ತಡೆಯದೆ ಉಳಿದು ಅದನ್ನೇ ಇಷ್ಟು ಸೊಗಸಾಗಿ ವರ್ಣಿಸುವ ನಿರೂಪಕನ ಮೇಲೆ ನನಗೆ ಅನುಮಾನ’ ಎಂದರೆ ಅದು ಅಭಿಪ್ರಾಯ. ಒಪ್ಪದವರು ಪುಟ ತೆರೆದು ವಾದಿಸಬಹುದು. ಇದರ ಕೊನೆಯೂ ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ. ‘ಅರ್ಧಕ್ಕೇ ನಿಲ್ಲಿಸಿದ್ದಾರೆ’ ಎಂದು ದೂರುವ ಮೊದಲು, ಹಳೆಯ ಮನೆಯಲ್ಲಿ ಇಡೀ ಸಂಸಾರ ಇರುವೆಗಳ ಮೇಲೆ ಬೀಳುವ ಭಾಗವನ್ನು ಇನ್ನೊಮ್ಮೆ ಓದಿ. ಆಮೇಲೂ ಅರ್ಧಕ್ಕೆ ನಿಂತಿದೆ ಎನಿಸಿದರೆ ಧೈರ್ಯವಾಗಿ ಬರೆಯಿರಿ. ಮುಕ್ತಾಯವನ್ನು ಮಾತ್ರ ಬಯಲು ಮಾಡಬೇಡಿ.

ಪಾತ್ರದ ಮಾತನ್ನು ಲೇಖಕರ ತಲೆಗೆ ಕಟ್ಟುವುದು ಇನ್ನೊಂದು ತಪ್ಪು. ‘ನಾನು’ ಎಂದು ಕತೆ ಹೇಳುವವನು ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಮಾತಾಡಿದರೆ, ಪುಸ್ತಕ ಅದನ್ನು ಒಪ್ಪುತ್ತಿದೆಯೋ ಬಯಲಿಗೆಳೆಯುತ್ತಿದೆಯೋ ಎಂದು ಮೊದಲು ಕೇಳಿಕೊಳ್ಳಿ.

ಕಥಾಸಂಕಲನವಾದರೆ ಎಲ್ಲ ಕತೆಗಳಿಗೂ ಎರಡೆರಡು ಸಾಲು ಹಂಚುವ ಪಟ್ಟಿ ಬೇಡ. ತೀರಾ ಹಿಡಿಸಿದ್ದು ಎರಡು, ಹಿಡಿಸದ್ದು ಒಂದು ಆರಿಸಿಕೊಳ್ಳಿ. ಬರೆದ ಕಾಲವನ್ನೂ ಗಮನಿಸಬೇಕು. 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ನಲ್ಲಿರುವ 12 ಕತೆಗಳು 1990ರಿಂದ 2023ರವರೆಗಿನವು. ಅಷ್ಟು ದೂರದ ಕತೆಗಳನ್ನು ಒಂದೇ ಉಸಿರಿನಲ್ಲಿ ಅಳೆದರೆ ಅನ್ಯಾಯವಾಗುತ್ತದೆ. ಅನುವಾದ ಓದಿದ್ದರೆ ಅನುವಾದಕರ ಹೆಸರು ಬರಲೇಬೇಕು. ‘ಹಾರ್ಟ್ ಲ್ಯಾಂಪ್’ ಕನ್ನಡ ಕತೆಗಳ ಇಂಗ್ಲಿಷ್ ಅನುವಾದ, ಮಾಡಿದವರು ದೀಪಾ ಭಾಸ್ತಿ. ಮೂಲ ಓದದೆ ‘ಮೂಲಕ್ಕೆ ನಿಷ್ಠವಾಗಿದೆ’ ಎನ್ನುವ ಹಾಗಿಲ್ಲ. ವಾಕ್ಯಗಳು ಹೇಗೆ ಓದಿಸಿಕೊಂಡವು ಎಂದು ಹೇಳಿದರೆ ಸಾಕು.

ಲೇಖಕರು ನಿಮಗೆ ಪರಿಚಿತರಾದರೆ ಅಥವಾ ಪುಸ್ತಕ ಉಚಿತವಾಗಿ ಬಂದಿದ್ದರೆ ಮೊದಲ ಪ್ಯಾರಾದಲ್ಲೇ ತಿಳಿಸಿ. ಪುಸ್ತಕದಿಂದ ಎರಡು ಮೂರು ಸಾಲು ಎತ್ತಿ ಬರೆಯಿರಿ, ಕಾಗುಣಿತ ಕೂಡ ಇದ್ದಂತೆಯೇ ಇರಲಿ. ಆಡುಮಾತಿನ ಸಂಭಾಷಣೆಯನ್ನು ಶಿಷ್ಟ ಕನ್ನಡಕ್ಕೆ ತಿದ್ದಿದರೆ ಧಾರವಾಡದವರೂ ಕುಂದಾಪುರದವರೂ ಒಂದೇ ಥರ ಮಾತಾಡತೊಡಗುತ್ತಾರೆ. ಕೊನೆಗೆ ಪ್ರಕಾಶಕರು, ವರ್ಷ, ಪುಟ, ಬೆಲೆ, ಮತ್ತು ಎಷ್ಟನೆಯ ಮುದ್ರಣ ಎಂಬುದು. ಅಚ್ಚಿನ ತಪ್ಪುಗಳ ಬಗ್ಗೆ ದೂರಿದ್ದರೆ ಮುದ್ರಣದ ವಿವರ ಕಡ್ಡಾಯ, ಮುಂದಿನದರಲ್ಲಿ ಅವನ್ನು ತಿದ್ದಿರಬಹುದು.