ಕೊಳಲು ಹಿಡಿದ ಕೈಗೆ ಫೋನ್ ಸಿಗದು

ಮನಸ್ಸು ಕೆಟ್ಟಾಗ ಒಳ್ಳೆ ಹಾಡು ಕೇಳು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಮದ್ದು ನಾಟಲಿಲ್ಲ. ಹಾಡು ಕಿವಿಯಲ್ಲಿ, ಸುದ್ದಿ ಬೆರಳ ತುದಿಯಲ್ಲಿ. ಆಲಾಪನೆ ಮುಗಿಯುವಷ್ಟರಲ್ಲಿ ನಾಲ್ಕು ಸಾವಿನ ಸುದ್ದಿ ಓದಿ ಆಗಿರುತ್ತಿತ್ತು. ನನಗೆ ನಾಟಿದ್ದು ನುಡಿಸುವುದು. ನಲವತ್ತು ದಾಟಿದ ಮೇಲೆ ಉಡುಪಿಯಲ್ಲಿ ಕೊಳಲು ಪಾಠಕ್ಕೆ ಸೇರಿದೆ.

2024ರ ಆ ಮಳೆ ನಮ್ಮ ಕಡೆಯವರು ಮರೆಯುವಂಥದ್ದಲ್ಲ. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಉಡುಪಿಯನ್ನು ಹಾದು ಹೋಗುವುದೂ ಅದೇ ರಸ್ತೆ. ಮಲ್ಪೆಯಿಂದ ಹೋದ ಮುಳುಗುಗಾರರು ಗಂಗಾವಳಿ ನದಿಯಲ್ಲಿ ಹುಡುಕುತ್ತಿದ್ದರು. ಅದು ಮುಗಿಯುವ ಮೊದಲೇ, 30ಕ್ಕೆ, ಕೇರಳದ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲೂ ಗುಡ್ಡ ಜರಿಯಿತು. ದೂರದ ಯುದ್ಧಗಳು ಬೇರೆ. ಯಕ್ಷಗಾನದ ವರ್ಷದ ತಿರುಗಾಟ ಮುಗಿಯುವ ದಿನ ಪತ್ತನಾಜೆ. ಅದು ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ್ದರಿಂದ ರಾತ್ರಿ ಎಲ್ಲಿಂದಲೋ ತೇಲಿ ಬರುವ ಚೆಂಡೆಯೂ ಇಲ್ಲ. ಮಳೆ ಸದ್ದು, ಕೈಯಲ್ಲಿ ಫೋನ್, ಅಷ್ಟೇ.

ಉಡುಪಿಯ ಕೃಷ್ಣನ ಕೈಯಲ್ಲಿರುವುದು ಕಡೆಗೋಲು, ಕೊಳಲಲ್ಲ. ಆದರೂ ಕೊಳಲು ಹುಡುಕುವವರು ಮೊದಲು ರಥಬೀದಿಗೇ ಹೋಗುತ್ತಾರೆ. ಜಾತ್ರೆ ಸಂತೆಯ ಆಟಿಕೆ ಕೊಳಲು ಮಾತ್ರ ಪಾಠಕ್ಕೆ ಬೇಡ, ಶ್ರುತಿ ಸೇರುವುದಿಲ್ಲ. ಕಲಿಸುವವರನ್ನು ಕೇಳಿ, ಅವರು ಊದಿ ನೋಡಿ ಕೊಟ್ಟಿದ್ದನ್ನೇ ತಗೊಳ್ಳಿ.

ಕರ್ನಾಟಕ ಸಂಗೀತದ ಬಿದಿರಿನ ಕೊಳಲಿಗೆ ಊದಲು ಒಂದು ತೂತು, ಬೆರಳಿಗೆ ಎಂಟು. ಮೊದಮೊದಲು ಸ್ವರವೇ ಇಲ್ಲ, ಬರೀ ಗಾಳಿ. ಜೋರಾಗಿ ಊದಿದರೆ ತಲೆ ತಿರುಗುತ್ತದೆ. ಇಲ್ಲಿ ಬಲ ಬೇಕಿಲ್ಲ. ತುಟಿಯಿಂದ ಹೊರಟ ತೆಳು ಗಾಳಿ ತೂತಿನ ಆಚೆ ಅಂಚಿಗೆ ತಾಗಬೇಕು. ಕೂದಲೆಳೆಯಷ್ಟು ಸರಿದರೂ ಸ್ವರ ಹೋಯಿತು. ಒಂದು ಸಂಜೆ ಷಡ್ಜ, ಅಂದರೆ ‘ಸ’, ಸಿಕ್ಕಿತು. ಸಿಕ್ಕಿದ್ದು ನಿಂತಿತು ಕೂಡ. ತಂಬೂರಿ ಶ್ರುತಿಯೊಳಗೆ ಅದು ಸೇರಿದಾಗ ಕೊಳಲಿನ ಮೈ ಬೆರಳಿಗೆ ಸಣ್ಣಗೆ ನಡುಗುವುದು ಗೊತ್ತಾಗುತ್ತದೆ. ಅಷ್ಟು ಖುಷಿ ನನಗೆ ಎಷ್ಟೋ ತಿಂಗಳಿಂದ ಆಗಿರಲಿಲ್ಲ.

ಪಾಠ ಶುರುವಾಗುವುದು ಮಾಯಾಮಾಳವಗೌಳ ರಾಗದಿಂದ, 72 ಮೇಳಕರ್ತಗಳಲ್ಲಿ, ಅಂದರೆ ಮೂಲ ರಾಗಗಳಲ್ಲಿ, 15ನೆಯದು. ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂಬ ನಂಬಿಕೆ ಇದೆ. ಹಾಡುವವರಿಗೆ ಸಲೀಸು ಇರಬಹುದು, ಕೊಳಲಿಗೆ ಕಷ್ಟ. ಇದರ ಶುದ್ಧ ರಿಷಭ (ರಿ), ಶುದ್ಧ ಧೈವತಕ್ಕೆ (ದ) ತೂತನ್ನು ಅರ್ಧ ಮಾತ್ರ ತೆರೆಯಬೇಕು. ಅರ್ಧ ಅಂದರೆ ಎಷ್ಟು ಅಂತ ಬೆರಳಿಗೆ ಗೊತ್ತಾಗದು, ಕಿವಿಯೇ ಹೇಳಬೇಕು. ನನ್ನನ್ನು ಕಾಪಾಡಿದ್ದು ಈ ಕಷ್ಟವೇ. ಎರಡೂ ಕೈ ಕೊಳಲ ಮೇಲೆ, ಉಸಿರು ಅದರೊಳಗೆ, ಕಿವಿ ಶ್ರುತಿಯ ಕಡೆ. ಸುದ್ದಿಗೆ ನುಗ್ಗಲು ಎಡೆಯೇ ಇಲ್ಲ. ಫೋನ್ ಪಕ್ಕದಲ್ಲೇ ಇರುತ್ತದೆ, ತಂಬೂರಿ ಆ್ಯಪ್ ಅದರಲ್ಲೇ ಇರುವುದು. ಆದರೆ ಮುಟ್ಟಬೇಕಾದರೆ ಕೊಳಲು ಕೆಳಗಿಡಬೇಕು, ಅಲ್ವಾ?

ಸರಳೆ, ಜಂಟಿ, ಅಲಂಕಾರ ಎಂಬ ಮೊದಲ ಅಭ್ಯಾಸಗಳನ್ನು ದಾಟಿ ಮಲಹರಿ ರಾಗದ ಗೀತೆಗಳಿಗೆ ಬಂದೆ. ಮಲಹರಿಯಲ್ಲಿ ನಿಷಾದ (ನಿ) ಇಲ್ಲವೇ ಇಲ್ಲ. ಗಾಂಧಾರ (ಗ) ಬರುವುದು ಇಳಿಯುವಾಗ ಮಾತ್ರ. ಹತ್ತುವಾಗ ಕಾಣದ ಆ ಸ್ವರ ಇಳಿಯುತ್ತಾ ಸಿಗುವ ಜಾಗ ನನಗೆ ಎಷ್ಟು ಇಷ್ಟವೆಂದರೆ, ಅದೊಂದನ್ನೇ ಮತ್ತೆ ಮತ್ತೆ ನುಡಿಸುತ್ತಾ ಕೂತುಬಿಡುತ್ತೇನೆ. ಮನೆಯವರು ಊಟಕ್ಕೆ ಕರೆಯಬೇಕಾಗುತ್ತದೆ.

ಊರೆಲ್ಲ ಇಷ್ಟು ಸಂಕಟದಲ್ಲಿರುವಾಗ ಇದು ಬೇಕಾ ಅಂತ ಪರಿಚಯದವರೊಬ್ಬರು ಕೇಳಿದರು. ಪ್ರಶ್ನೆ ನನ್ನೊಳಗೂ ಇತ್ತು. ಆ ಶ್ರಾವಣದಲ್ಲಿ ಲಕ್ಷ್ಮೀ ವೆಂಕಟೇಶ ದೇವಸ್ಥಾನದ ಭಜನಾ ಸಪ್ತಾಹಕ್ಕೆ ಹೋಗಿದ್ದೆ. ಏಳು ಹಗಲು ಏಳು ರಾತ್ರಿ ಭಜನೆ ನಿಲ್ಲುವಂತಿಲ್ಲ. ಒಂದು ತಂಡ ಏಳುವಾಗ ಇನ್ನೊಂದು ತಂಡ ತಾಳ ಎತ್ತಿಕೊಂಡಿರುತ್ತದೆ. ತಡರಾತ್ರಿ ಹಾಡುತ್ತಿದ್ದ ಹಿರಿಯರ ಮುಖದಲ್ಲಿ ನಿದ್ದೆಯೂ ಇತ್ತು, ಸಂತೋಷವೂ ಇತ್ತು. ಅವರ ಮನೆಗಳಲ್ಲೂ ರೋಗ, ಸಾಲ, ಸಾವು ಇಲ್ಲದೆ ಇರುತ್ತದೆಯೇ? ಯಾರೂ ಸಂಕಟ ಮುಗಿಯಲಿ, ಆಮೇಲೆ ಹಾಡೋಣ ಅಂತ ಕಾದವರಲ್ಲ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಕಾಡಿಲ್ಲ. ಪೇಪರ್ ಬಿಟ್ಟಿಲ್ಲ, ಬೆಳಗ್ಗೆ ಒಮ್ಮೆ ಪೂರ್ತಿ ಓದುತ್ತೇನೆ. ನೆರವಿಗೆ ದುಡ್ಡು ಕಳಿಸಬೇಕಾದಲ್ಲಿ ಕಳಿಸುತ್ತೇನೆ. ಸಂಜೆ ಮಾತ್ರ ಕೊಳಲಿಗೆ.

ಇನ್ನೊಂದು ವಿಷಯ, ನಮ್ಮ ಕರಾವಳಿಯಲ್ಲಿ ಕಲಿಯುವವರಿಗೆ. ಮಳೆಗಾಲದಲ್ಲಿ ಬಿದಿರಿಗೆ ಬೂಸ್ಟು ಹಿಡಿಯುತ್ತದೆ. ಊದಿ ಆದ ಮೇಲೆ ಕೋಲಿಗೆ ಒಣ ಬಟ್ಟೆ ಸುತ್ತಿ ಒಳಗೆ ಒರೆಸಿ, ಗಾಳಿಯಾಡುವಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಇನ್ನು ಶ್ರುತಿ: ಗಾಳಿ ಬಿಸಿಯಾದಷ್ಟೂ ಕೊಳಲಿನ ಶ್ರುತಿ ಸ್ವಲ್ಪ ಏರುತ್ತದೆ. ಏಪ್ರಿಲ್‌ನ ಸೆಕೆಗೂ ಜುಲೈನ ತಂಪಿಗೂ ವ್ಯತ್ಯಾಸ ಕೇಳಿಸುತ್ತದೆ. ಗಾಬರಿ ಬೇಡ, ತಂಬೂರಿಯ ಶ್ರುತಿಯನ್ನೇ ಕೊಳಲಿಗೆ ತಕ್ಕಂತೆ ಚೂರು ಹೊಂದಿಸಿಕೊಂಡರೆ ಆಯಿತು.