ನಂದಿ ಬೆಟ್ಟಕ್ಕೆ ಮಧ್ಯಾಹ್ನ ಹೋಗಿ: 10 ಜನರ ಸಂಸಾರ ಕಟ್ಟಿಕೊಂಡು ಹೋದ ನನ್ನ ಅನುಭವ

ಸಂಸಾರ ಸಮೇತ ನಂದಿ ಬೆಟ್ಟಕ್ಕೆ ಬೆಳಗಿನ ಜಾವ ಹೋಗಬಾರದು ಅಂತ ನಾನು ಹೇಳುತ್ತಲೇ ಬಂದಿದ್ದೆ. ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. "ಸೂರ್ಯೋದಯ ನೋಡದೆ ನಂದಿಗೆ ಹೋಗೋದು ಯಾಕೆ ಅತ್ತಿಗೆ, ಸುಮ್ನೆ ಡೀಸೆಲ್ ದಂಡ" ಅಂತ ಮೈದುನ. "ಮಧ್ಯಾಹ್ನದ ಬಿಸಿಲಲ್ಲಿ ಬೆಟ್ಟಾನಾ?" ಅಂತ ಓರಗಿತ್ತಿ. ಈ ಏಪ್ರಿಲ್‌ನಲ್ಲಿ ಕೊನೆಗೂ ನನ್ನ ಲೆಕ್ಕದ ಪ್ರಕಾರವೇ ಹೋಗಿಬಂದೆವು. 75 ದಾಟಿದ ಅತ್ತೆಯಿಂದ ಹಿಡಿದು 3 ವರ್ಷದ ಪಾಪುವರೆಗೆ 10 ಜನ. ಯಾರೂ ಅಳಲಿಲ್ಲ, ಯಾರೂ ಮುಖ ಊದಿಸಿಕೊಳ್ಳಲಿಲ್ಲ, ಕೋತಿಗೆ ಒಂದು ತುತ್ತೂ ಹೋಗಲಿಲ್ಲ. ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಟವರಿಗೆ ಇದೆಷ್ಟು ದೊಡ್ಡ ವಿಷಯ ಅಂತ ಗೊತ್ತಿರುತ್ತೆ, ಅಲ್ವಾ?

ಸೂರ್ಯೋದಯದ ಪ್ಲಾನ್ ಪ್ರತಿ ಸಲ ಒಂದೇ ಥರ ಕೆಡುತ್ತಿತ್ತು. 3 ಗಂಟೆಗೆ ಮಕ್ಕಳನ್ನು ಎಬ್ಬಿಸಬೇಕು. ಖಾಲಿ ಹೊಟ್ಟೆಯಲ್ಲಿ ಆ ತಿರುವುಗಳು ಬಂದಾಗ ಒಬ್ಬರಾದರೂ ವಾಂತಿ ಮಾಡಿಕೊಳ್ಳುತ್ತಾರೆ. ಭಾನುವಾರ ಅಂದರೆ ಗೇಟಿನಿಂದ ಕೆಳಗಿನವರೆಗೂ ಗಾಡಿಗಳ ಸಾಲು. ಮೇಲೆ ಹೋಗಿ ನಿಂತರೆ ಒಂದೋ ಸೂರ್ಯ ಆಗಲೇ ಮೇಲೆ ಬಂದಿರುತ್ತಾನೆ, ಇಲ್ಲಾ ಎದುರಿಗೆ ನಿಂತವರೂ ಕಾಣದಷ್ಟು ಮಂಜು. 8 ಗಂಟೆಗೆ ಎಲ್ಲರಿಗೂ ಒಟ್ಟಿಗೆ ಹಸಿವು. ಒಂದು ಸಲ ಇಡ್ಲಿ ಕಟ್ಟಿದ್ದ ಕವರನ್ನು ಅತ್ತೆಯ ಮಡಿಲಿನಿಂದಲೇ ಕೋತಿ ಎಳೆದುಕೊಂಡು ಹೋಯಿತು. ಆ ಗಾಬರಿಗೆ ಅವರ ಮಂಡಿನೋವು ಒಂದು ವಾರ ಜಾಸ್ತಿಯಾಯಿತು. 10 ಗಂಟೆಗೆಲ್ಲ ಸಾಕಪ್ಪಾ ಅಂತ ವಾಪಸ್.

ದುಡ್ಡಿನ ಕಥೆ ಇನ್ನೂ ಬೇಸರದ್ದು. ರಾತ್ರಿ ಹೊರಟರೆ ಗಾಡಿಯವರು ನೈಟ್ ಬಾಟಾ ಬೇರೆ ಹಾಕುತ್ತಾರೆ. ಹಸಿದ 10 ಜನಕ್ಕೆ ದಾರಿಯಲ್ಲಿ ತಿಂಡಿ, ಮತ್ತೆ ಊಟ. ಒಮ್ಮೆಯಂತೂ ಎಲ್ಲಾ ಸೇರಿ 11,000 ಹತ್ತಿರ ಬಂತು. ಬೆಟ್ಟದ ಮೇಲೆ ಇದ್ದದ್ದು ಹೆಚ್ಚೆಂದರೆ ಮೂರು ಗಂಟೆ.

ನನಗೆ ದಾರಿ ತೋರಿಸಿದ್ದು ಅಲ್ಲಿನ ಹಳೇ ಕಟ್ಟಡಗಳೇ. ಟಿಪ್ಪುವಿನ ಬೇಸಿಗೆ ಅರಮನೆ ಇದೆ. ಬ್ರಿಟಿಷರ ಕಾಲದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ಗೆ ಬೇಸಿಗೆ ಬಂಗಲೆ ಇತ್ತು. 1927ರಲ್ಲಿ ಗಾಂಧೀಜಿ ಸುಧಾರಿಸಿಕೊಳ್ಳಲು ಬಂದು ಉಳಿದದ್ದೂ ಬೇಸಿಗೆಯಲ್ಲೇ, 1936ರಲ್ಲಿ ಮತ್ತೆ ಬಂದದ್ದೂ ಬೇಸಿಗೆಯಲ್ಲೇ. ಇವರೆಲ್ಲ ಹತ್ತಿದ್ದು ತಂಪಿಗೆ. ಬೆಟ್ಟ 1,478 ಮೀಟರ್ ಎತ್ತರ. ಕೆಳಗೆ ಬಿಸಿಲು ಕಾಯುವ ಹೊತ್ತಿಗೆ ಮೇಲಿರಬೇಕು, ಮೇಲೆ ಚಳಿ ಹೊಡೆಯುವ ಹೊತ್ತಿಗೆ ನಾವು ಮನೆಯಲ್ಲಿ ಮಲಗಿರಬೇಕು. ನನ್ನ ಇಡೀ ಪ್ಲಾನ್ ಇಷ್ಟೇ.

ವಾರದ ಮಧ್ಯದ ದಿನ ಆರಿಸಿದೆ. ಮನೆಯಲ್ಲೇ ತಿಂಡಿ ಮುಗಿಸಿ 7 ಗಂಟೆ ದಾಟಿದ ಮೇಲೆ ಹೊರಟೆವು. ನೇರ ಬೆಟ್ಟಕ್ಕಲ್ಲ, ಮೊದಲು ಬುಡದ ನಂದಿ ಗ್ರಾಮದ ಭೋಗನಂದೀಶ್ವರನಿಗೆ. ಅತ್ತೆ ಒಪ್ಪಿದ್ದೂ ಇದಕ್ಕೇ. ಕೆಳಗಿನ ಅರುಣಾಚಲೇಶ್ವರ ಶಿವನ ಎಳೆಯ ರೂಪ, ಭೋಗನಂದೀಶ್ವರ ತುಂಬು ಪ್ರಾಯದ್ದು, ಮೇಲಿನ ಯೋಗನಂದೀಶ್ವರ ಎಲ್ಲ ಬಿಟ್ಟವನದು ಅಂತ ಅಲ್ಲಿ ಹೇಳುತ್ತಾರೆ. "ಹಾಗಾದ್ರೆ ಕೆಳಗಿಂದಲೇ ಶುರು ಮಾಡ್ಬೇಕು ಕಣೇ" ಅಂದರು. ಅವರ ಮಾತು ಬಿದ್ದ ಮೇಲೆ ಮನೆಯಲ್ಲಿ ಬೇರೆ ಯಾರೂ ಬಾಯಿ ತೆರೆಯಲಿಲ್ಲ.

ಆ ಗುಡಿಗೆ ಎರಡು ಗಂಟೆಯಾದರೂ ಕೊಡಿ. 9ನೇ ಶತಮಾನದಲ್ಲಿ ಶುರುವಾಗಿ ಚೋಳರು, ಹೊಯ್ಸಳರು, ವಿಜಯನಗರದವರವರೆಗೆ ಸೇರಿಸುತ್ತಾ ಹೋದ ಕೆಲಸ ಅದು. ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳ ಹತ್ತಿರ ಕೂತು ನೋಡಬೇಕು. ಬಳ್ಳಿ ಸುತ್ತಿ ಸುತ್ತಿ ಮೇಲೆ ಹೋಗುತ್ತದೆ, ಅದರ ನಡುವೆ ಹಕ್ಕಿಗಳು. ಒಂದು ಕಡೆ ಎಲೆಯ ಅಂಚು ಎಷ್ಟು ತೆಳ್ಳಗಿದೆ ಅಂದರೆ ಹಿಂದೆ ನೆರಳು ಬೀಳುತ್ತದೆ. ಮಕ್ಕಳಿಗೆ ಹಕ್ಕಿ ಎಣಿಸುವ ಕೆಲಸ ಕೊಟ್ಟೆ. ಒಬ್ಬೊಬ್ಬರದು ಒಂದೊಂದು ಲೆಕ್ಕ, ಮತ್ತೆ ಮೊದಲಿಂದ ಎಣಿಕೆ. ಮೊಬೈಲ್ ಯಾರೂ ಕೇಳಲಿಲ್ಲ. ಆಮೇಲೆ ಗುಡಿಯ ಕಲ್ಯಾಣಿಯಾದ ಶೃಂಗಿ ತೀರ್ಥದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆವು.

ಊಟವನ್ನು ಕೆಳಗೇ ಮುಗಿಸುವುದು ಮುಖ್ಯ. ಮೇಲೆ ತಿನ್ನುವ ವಸ್ತು ಒಂದೂ ಹೋಗಬಾರದು. ನಾವು ಒಂದು ದ್ರಾಕ್ಷಿ ತೋಟದ ಚಪ್ಪರದ ಕೆಳಗೆ ಜಮಖಾನ ಹಾಸಿ ಕೂತೆವು. ಚಿತ್ರಾನ್ನ, ಚಪಾತಿ ಪಲ್ಯ, ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ತೋಟ ಯಾರದ್ದು, ಹೇಗೆ ಕೇಳಿ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಎಲ್ಲರೂ ಅಲ್ಲಿಗೇ ಹೋದರೆ ಅವರಿಗೆ ಕಷ್ಟ. ಏಪ್ರಿಲ್‌ನಲ್ಲೂ ಮೊಸರನ್ನ ಹುಳಿಯಾಗದ ಹಾಗೆ ಕಲಸುವುದು ಹೇಗೆ ಅನ್ನೋದೂ ನನ್ನ ಹತ್ತಿರವೇ ಇರಲಿ.

ಮನೆಯ ಗೋಡೆಯ ಥರ್ಮಾಮೀಟರ್ ಬಿಚ್ಚಿ ತಂದಿದ್ದೆ. ತೋಟದ ನೆರಳಲ್ಲಿ 34 ತೋರಿಸಿತು. ಮೇಲೆ ಹೋಗಿ ಮರದ ಕೆಳಗೆ ನೇತುಹಾಕಿ ಅರ್ಧ ಗಂಟೆ ಬಿಟ್ಟು ನೋಡಿದರೆ 29ರ ಆಸುಪಾಸು. ಮೈದುನನಿಗೆ ತೋರಿಸಿದೆ. ಬಗ್ಗಿ ಎರಡು ಸಲ ನೋಡಿದ.

ಮೇಲೆ ಹೋದಾಗ ಒಂದೂವರೆ ಆಗಿತ್ತು. ಬೆಳಗಿನ ಜನ ಇಳಿದು ಹೋಗಿದ್ದರು. ನಮ್ಮ ಗಾಡಿ ಮೇಲಿನ ಪಾರ್ಕಿಂಗ್‌ವರೆಗೂ ಹೋಯಿತು, ಹಾಗಾಗಿ ಅತ್ತೆಗೆ ನಡಿಗೆ ಕಡಿಮೆ. ಅಮೃತ ಸರೋವರ ನೋಡಿ, ದೇವಸ್ಥಾನ ಮುಗಿಸಿ, ಅವರು ಮರದಡಿ ಒಂದು ನಿದ್ದೆಯನ್ನೂ ತೆಗೆದರು. ಕಡಿದಾದ ಬಂಡೆಯ ಅಂಚಾದ ಟಿಪ್ಪು ಡ್ರಾಪ್ ಹತ್ತಿರ ಪಾಪುವಿನ ಕೈ ಬಿಡಲಿಲ್ಲ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಈ ಕೋಟೆ ಹಿಡಿಯಿತು ಅಂತ ಅಲ್ಲೇ ಗೋಡೆ ತೋರಿಸಿ ಹೇಳಿದರೆ ದೊಡ್ಡ ಮಕ್ಕಳು ಕಣ್ಣು ಬಿಟ್ಟುಕೊಂಡು ಕೇಳಿದರು. ಅಣ್ಣನ ಮಗನಿಗೆ ಹಕ್ಕಿ ಹುಚ್ಚು. ಪಶ್ಚಿಮ ಘಟ್ಟದ ನೀಲಗಿರಿ ಕಾಡು ಪಾರಿವಾಳ ಇಲ್ಲೂ ಇದೆ ಅಂತ ಓದಿಕೊಂಡು ಬಂದಿದ್ದ. ಗಲಾಟೆ ಇಲ್ಲದ ಹೊತ್ತು ನೋಡಿ, ಒಂದು ಕಾಣಿಸಿಯೇ ಬಿಟ್ಟಿತು. ಅವನು ಕುಣಿದದ್ದನ್ನು ನೋಡಿ ನನ್ನ ಕಣ್ಣು ತುಂಬಿತು.

ನಡುನಡುವೆ ಬೇರೆ ಪ್ರಯೋಗಗಳೂ ಆಗಿವೆ. ದೊಡ್ಡ ಮಕ್ಕಳನ್ನು ಸುಲ್ತಾನಪೇಟೆ ಕಡೆಯ ಹಳೇ ಮೆಟ್ಟಿಲಲ್ಲಿ ಹತ್ತಿಸಿ ನೋಡಿದ್ದೇನೆ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು, ಹುಡುಗರಿಗೆ ಖುಷಿ, ವಯಸ್ಸಾದವರಿಗೆ ಬೇಡ. ರೈಲಿನಲ್ಲಿ ನಂದಿ ಹಾಲ್ಟ್‌ಗೆ ಬಂದೂ ನೋಡಿದೆವು. ನ್ಯಾರೋ ಗೇಜ್ ಕಾಲದ ಆ ಪುಟ್ಟ ನಿಲ್ದಾಣ ತುಂಬಾ ಚೆಂದ. ಭೋಗನಂದೀಶ್ವರಕ್ಕೆ ಮಾತ್ರ ಹೋಗೋದಾದರೆ ಅದಕ್ಕಿಂತ ಅಗ್ಗ ಇಲ್ಲ. ಬೆಟ್ಟವೂ ಬೇಕು ಅಂದರೆ ಆಟೋಗೆ ಕೊಡುವ ದುಡ್ಡಲ್ಲಿ ಆ ಉಳಿತಾಯ ಕರಗಿ ಹೋಗುತ್ತದೆ.

ಈ ಸಲದ ಖರ್ಚು: ಟೆಂಪೋ ಟ್ರಾವೆಲರ್ ಬಾಟಾ ಸೇರಿ 6,000ದ ಸುತ್ತಮುತ್ತ, ಗೇಟು ಪಾರ್ಕಿಂಗ್ 400ರಷ್ಟು, ಮನೆ ಅಡುಗೆ ಸಾಮಾನು, ಎಳನೀರು, ವಾಪಸ್ ಬರುವಾಗ ರಸ್ತೆ ಬದಿ ಕೊಂಡ ದ್ರಾಕ್ಷಿ ಎಲ್ಲಾ ಸೇರಿ 7,500 ದಾಟಿರಲಿಕ್ಕಿಲ್ಲ. ತಲೆಗೆ 750. ಮೇಲೆ ನಾಲ್ಕು ಗಂಟೆ ಇದ್ದೆವು, ಸಂಜೆ ಗೇಟು ಮುಚ್ಚುವ ಮುಂಚೆ ಇಳಿದೆವು.

ಈ ಲೆಕ್ಕ ಫೆಬ್ರವರಿಯಿಂದ ಏಪ್ರಿಲ್ ಅರ್ಧದವರೆಗೆ ಚೆನ್ನಾಗಿ ನಡೆಯುತ್ತೆ. ಆಮೇಲೆ ಮಧ್ಯಾಹ್ನದ ಗುಡುಗು ಮಳೆ ಶುರುವಾಗುತ್ತೆ. ಬಂಡೆಯ ಮೇಲೆ ಮಕ್ಕಳಿರುವಾಗ ಸಿಡಿಲು ಬಂದರೆ ಕಷ್ಟ, ಮೋಡ ಕಟ್ಟುತ್ತಿದ್ದ ಹಾಗೆ ಇಳಿದುಬಿಡಿ. ಮಧ್ಯಾಹ್ನದ ನಂತರ ಸಮಯ ಉಳಿದರೂ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಮನೆಯನ್ನು ಅದೇ ದಿನಕ್ಕೆ ಸೇರಿಸಬೇಡಿ. ಅದು ಹತ್ತಿರವೇ ಇದೆ, ಆದರೆ ಅವಸರದಲ್ಲಿ ನೋಡುವ ಜಾಗ ಅಲ್ಲ. ಅಲ್ಲಿಗೆ ಬೇರೆ ದಿನ ಹೋಗಬೇಕು, ಭೋಗನಂದೀಶ್ವರದಿಂದ ಎತ್ತಿನಗಾಡಿಯಲ್ಲಿ ಹೋಗೋಣ ಅಂತ ಮಕ್ಕಳ ಹಟ. ಗಾಡಿಯವರೊಬ್ಬರ ಹತ್ತಿರ ಮಾತಾಡಿದ್ದೇನೆ, ರೇಟು ಇನ್ನೂ ಕುದುರಿಲ್ಲ.