ಮಲ್ಲೇಶ್ವರದ ಒಂಟಿ ಕೋಣೆ ಮಾರಿದ ಕಥೆ

ತೀರ್ಥಹಳ್ಳಿಯಿಂದ ಹನ್ನೆರಡು ಕಿಲೋಮೀಟರ್ ಒಳಗಿರುವ ನಮ್ಮ ಮನೆಗೆ ಓಟಿಪಿ ಬರುವುದಿಲ್ಲ. ಗುಡ್ಡ ಹತ್ತಿ ನೇರಳೆ ಮರದ ಬುಡಕ್ಕೆ ಹೋದರೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. 2025ರ ಜೂನ್ ತಿಂಗಳಲ್ಲಿ ಕೊಡೆ ಹಿಡಿದು ಆ ಮರದಡಿ ನಾನು ನಿಂತಷ್ಟು ಇನ್ಯಾರೂ ನಿಂತಿರಲಿಕ್ಕಿಲ್ಲ. ಬೆಂಗಳೂರಿನ ಒಂದು ಸ್ಟುಡಿಯೋ ಫ್ಲ್ಯಾಟು ಮಾರಬೇಕಿತ್ತು.

2014ರಲ್ಲಿ, ನೌಕರಿಯಲ್ಲಿದ್ದಾಗ, 28 ಲಕ್ಷಕ್ಕೆ ಕೊಂಡದ್ದು. ಒಂದೇ ಕೋಣೆ, ಮೂಲೆಯಲ್ಲಿ ಅಡುಗೆ ಕಟ್ಟೆ, ಒಂದು ಬಚ್ಚಲು, ಕುರ್ಚಿ ಹಾಕುವಷ್ಟು ಬಾಲ್ಕನಿ. ಸಂಪಿಗೆ ರಸ್ತೆಯ ಗಲಾಟೆ ಅಡ್ಡರಸ್ತೆಯಲ್ಲಿ ಎರಡು ತಿರುವು ದಾಟಿದರೆ ಕೇಳಿಸುವುದಿಲ್ಲ. ತೋಟ ನೋಡಿಕೊಳ್ಳಲು ಊರಿಗೆ ಬಂದ ಮೇಲೆ ಬಾಡಿಗೆಗೆ ಕೊಟ್ಟಿದ್ದೆ. ಬಾಡಿಗೆಯವರು ಬಿಟ್ಟುಹೋಗಿ ನಾಲ್ಕು ತಿಂಗಳಾಗಿತ್ತು.

ಮೊದಲ ತಪ್ಪು ಫೋಟೋದ್ದು. ಸೋದರಳಿಯ ಮೊಬೈಲಿನ ವೈಡ್ ಲೆನ್ಸಿನಲ್ಲಿ ತೆಗೆದದ್ದಕ್ಕೆ ಕೋಣೆ ಕಲ್ಯಾಣ ಮಂಟಪದಂತೆ ಕಂಡಿತು. ಕೆಳಗೆ 460 ಚದರಡಿ ಅಂತ ಹಾಕಿದೆವು. ಹನ್ನೊಂದು ಜನ ಬಂದರು, ಹನ್ನೊಂದೂ ಜನ ಹೊಸ್ತಿಲಲ್ಲೇ ನಿಂತು "ಇಷ್ಟೇನಾ?" ಅಂದರು. ಕೇಳಿ ಕೇಳಿ ಸಾಕಾಗಿ ಟೇಪು ಹಿಡಿದು ಅಳೆದೆ. ಕೋಣೆ 17ಕ್ಕೆ 14, ಅಡುಗೆ ಮೂಲೆ 8ಕ್ಕೆ 5, ಬಚ್ಚಲು 7ಕ್ಕೆ 5. ಒಳಗೋಡೆಯ ದಪ್ಪ ಸೇರಿಸಿದರೂ 320 ದಾಟಲಿಲ್ಲ. ರೇರಾ, ಅಂದರೆ ಮನೆ-ಫ್ಲ್ಯಾಟು ವ್ಯವಹಾರದ ಕಾನೂನಿನ ಲೆಕ್ಕದ ಕಾರ್ಪೆಟ್ ಏರಿಯಾ ಇದೇ, ಬಾಲ್ಕನಿ ಅದಕ್ಕೆ ಸೇರುವುದಿಲ್ಲ. ಮಿಕ್ಕ 140 ಚದರಡಿ ಬಾಲ್ಕನಿ, ಹೊರಗೋಡೆ, ಲಿಫ್ಟು, ಮೆಟ್ಟಿಲುಗಳ ಪಾಲು. ನಮ್ಮ ಕಡೆಯಾದರೆ ಅಷ್ಟು ಜಾಗದಲ್ಲಿ ಎರಡು ದನ ಕಟ್ಟಬಹುದು.

ಹೊಸ ಜಾಹೀರಾತಿನಲ್ಲಿ ಮೊದಲ ಸಾಲಿಗೇ 320 ಅಂತ ಬರೆದೆ, ಅಳತೆ ಹಾಕಿದ ಕೈನಕ್ಷೆ ಸೇರಿಸಿದೆ. ಫೋನುಗಳು ಕಮ್ಮಿಯಾದವು. ಬಂದವರು ಮಾತ್ರ ಒಳಗೆ ಬಂದು ಕೂತರು.

ಎರಡನೆಯದನ್ನು ಕಂಡುಹಿಡಿದವಳು ನನ್ನ ಹೆಂಡತಿ. ಬೆಳಗಿನ ಜನಶತಾಬ್ದಿ ರೈಲಿಗೆ ಹೋಗಿ ಬಾಗಿಲು ತೆಗೆದದ್ದೇ ತಡ, "ಮಾರಾಯ್ರೇ, ಇದು ನಮ್ಮ ಅಟ್ಟದ ವಾಸನೆ" ಅಂದಳು. ಮುಗ್ಗು. ಬಚ್ಚಲ ಗೋಡೆಯ ಆಚೆ ಬದಿ, ಮಂಚ ಇದ್ದ ಕಡೆ, ಅಂಗೈ ಅಗಲ ಬಣ್ಣ ಉಬ್ಬಿತ್ತು. ಉಗುರಿನಲ್ಲಿ ಕೆರೆದರೆ ಒಳಗೆ ಹಸಿ. ಬ್ರೋಕರ್ ಒಬ್ಬರು "ಪುಟ್ಟಿ ಎಳೆದು ಪೇಂಟ್ ಹೊಡೆಸಿಬಿಡಿ ಸರ್" ಅಂದರು. ಹಸಿ ಗೋಡೆಗೆ ಬಣ್ಣ ಬಳಿದರೆ ಏನಾಗುತ್ತದೆಂದು ಮಳೆಗಾಲದಲ್ಲಿ ಬೆಳೆದವನಿಗೆ ಹೇಳಿಕೊಡಬೇಕಿಲ್ಲ. ಬಚ್ಚಲ ಟೈಲ್ಸಿನ ಸಂದುಗಳನ್ನೆಲ್ಲ ಕೆರೆಸಿ, ಎಪಾಕ್ಸಿ ಗ್ರೌಟ್ ತುಂಬಿಸಿ, ಕೆಟ್ಟ ಎಕ್ಸಾಸ್ಟ್ ಫ್ಯಾನ್ ಬದಲಿಸಿದೆ. ಗೋಡೆ ಒಣಗಲು ಮೂರು ವಾರ ಬಿಟ್ಟು ಆಮೇಲೆ ಬಣ್ಣ.

ಕಾಗದದಲ್ಲಿ ಸಿಕ್ಕಿಬಿದ್ದದ್ದು ಹೆಸರಿನಿಂದ. 2024ರ ಅಕ್ಟೋಬರಿನಿಂದ ಇ-ಖಾತೆ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ, ಇಲ್ಲದೆ ನೋಂದಣಿ ಇಲ್ಲ. ಕ್ರಯಪತ್ರದಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಇನಿಷಿಯಲ್, ಆಧಾರಿನಲ್ಲಿ ಊರಿನದೂ ಅಪ್ಪನದೂ ಎರಡು. ಎರಡೂ ನಾನೇ ಎಂದು ಸಾಬೀತು ಮಾಡಲು ಅಫಿಡವಿಟ್ಟು. ನೇರಳೆ ಮರದಡಿ ಓಟಿಪಿ ಹಿಡಿದು ಮನೆಗೆ ಇಳಿದು ಕಂಪ್ಯೂಟರಿಗೆ ಹಾಕುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಕೊನೆಗೆ ಲ್ಯಾಪ್‌ಟಾಪನ್ನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗುಡ್ಡಕ್ಕೆ ಒಯ್ದೆ.

ಕೊಂಡವರು ಸಾಗರದ ಕಡೆಯ ನಿವೃತ್ತ ಟೀಚರ್. ಮಗಳ ಮನೆ ಎರಡು ಕ್ರಾಸ್ ಆಚೆ. "ಮಗಳ ಹತ್ತಿರ ಇರಬೇಕು, ಮಗಳ ಮನೇಲಿ ಇರಬಾರದು" ಅಂದರು. ಕಟ್ಟಡ ನಿಂತ ಜಮೀನಿನಲ್ಲಿ ನಿಮ್ಮ ಫ್ಲ್ಯಾಟಿಗೆ ಬರುವ ಅವಿಭಜಿತ ಪಾಲೆಷ್ಟು ಎಂದು ಕೇಳಿದ್ದು ಅವರೊಬ್ಬರೇ. ಕಟ್ಟಡ ಹಳೆಯದಾದ ಹಾಗೆ ಬೆಲೆ ಉಳಿಯುವುದು ಅದಕ್ಕೇ. ಕ್ರಯಪತ್ರದ ಶೆಡ್ಯೂಲ್ ತೆಗೆದು 165 ಚದರಡಿ ತೋರಿಸಿದೆ. ರಾತ್ರಿ ಒಂಬತ್ತಕ್ಕೆ ಮತ್ತೊಮ್ಮೆ ಬಂದು, ದೀಪ ಆರಿಸಿ, ಹತ್ತು ನಿಮಿಷ ಸುಮ್ಮನೆ ಕೂತರು. ಆಮೇಲೆ, "ಇಲ್ಲಿ ಮಳೆ ಶಬ್ದ ಕೇಳುತ್ತಾ?"

"ಬಾಲ್ಕನಿಗೆ ತಗಡು ಹಾಕಿಸಿದ್ದೇನೆ ಟೀಚರ್, ಅಲ್ಲಿ ಕೇಳುತ್ತೆ."

52 ಲಕ್ಷಕ್ಕೆ ಒಪ್ಪಿಗೆಯಾಯಿತು. ಆಗಸ್ಟ್ ನಡುವೆ ರಿಜಿಸ್ಟರ್. ಬ್ಯಾಂಕಿಗೆ ಬಂದ ಒಟ್ಟು ಹಣ ಕೂಡಿಸಿದರೆ 52,000 ಕಮ್ಮಿ. ಟೀಚರೇ ಹೀಗೆ ಮಾಡಿದರಲ್ಲ ಎಂದು ಒಂದು ರಾತ್ರಿ ನಿದ್ದೆಗೆಟ್ಟೆ. ಬೆಳಗ್ಗೆ ಆಡಿಟರ್ ನಕ್ಕರು: 50 ಲಕ್ಷ ಮುಟ್ಟಿದ ಆಸ್ತಿಗೆ ಕೊಳ್ಳುವವರು 1 ಪರ್ಸೆಂಟ್ ಟಿಡಿಎಸ್, ಅಂದರೆ ಮೂಲದಲ್ಲೇ ಮುರಿಯುವ ತೆರಿಗೆ, ಹಿಡಿದು ನನ್ನ ಪ್ಯಾನಿಗೇ ಕಟ್ಟಬೇಕು. ಆಡಿಟರೇ ಲಾಭದ ತೆರಿಗೆಯನ್ನು ಎರಡೂ ಬಗೆಯಲ್ಲಿ ಲೆಕ್ಕ ಹಾಕಿದರು. 24 ಲಕ್ಷ ಲಾಭಕ್ಕೆ ನೇರವಾಗಿ 12.5 ಪರ್ಸೆಂಟ್ ಅಂದರೆ 3 ಲಕ್ಷ. ಇಂಡೆಕ್ಸೇಶನ್, ಅಂದರೆ ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸುವ ಲೆಕ್ಕ, ಹಿಡಿದರೆ 2014-15ರ ಸೂಚ್ಯಂಕ 240, 2025-26ರದು 376 ಆಗಿರುವುದರಿಂದ ನನ್ನ 28 ಲಕ್ಷ ಸುಮಾರು 43.87 ಲಕ್ಷ ಆಗುತ್ತದೆ, ಮಿಕ್ಕದ್ದಕ್ಕೆ 20 ಪರ್ಸೆಂಟ್ ಹಾಕಿದರೂ 1.63 ಲಕ್ಷ. 2024ರ ಜುಲೈ 23ಕ್ಕೆ ಮುಂಚೆ ಕೊಂಡವರಿಗೆ ಮಾತ್ರ ಈ ಆಯ್ಕೆ.

ಆಗಸ್ಟ್ 31ಕ್ಕೆ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟಿಗೆ ಏರಿತು. ಸೆಪ್ಟೆಂಬರಿನಲ್ಲಿ ಟೀಚರ್ ಫೋನ್ ಮಾಡಿದರು.

"ನೋಡಿ, ಎರಡು ವಾರ ತಡ ಮಾಡಿದ್ರೆ ನನಗೂ 52 ಸಾವಿರ ಹೋಗ್ತಿತ್ತು. ಅದಿರಲಿ, ಬಾಲ್ಕನಿ ತಗಡು ಒಂದು ಕಡೆ ಸೋರುತ್ತೆ. ನೀವು ಹೇಳಿರಲಿಲ್ಲ."

ಆ ತೂತು ನನಗೂ ಗೊತ್ತಿರಲಿಲ್ಲ.